ಬಲಗಡೆ ಮೂಲೆಯ ಹಕ್ಕಿ

"ಆ ಮೂಲೇಲಿ ಒಂದು ಹಕ್ಕಿ ಇದೆ ನೋಡಿ, ಅಲ್ಲಿದೆ ಈ ಫೋಟೋದ ಜೀವ!" ಅಂತ ಹಲ್ಲಿನ ಡಾಕ್ಟ್ರು ಕುರ್ಚಿ ಬಿಟ್ಟು ಎದ್ದೇಬಿಟ್ರು.

ಟೈಲರ್ ಅಕ್ಕನ ಅಂಗಡೀಲಿ ಕೂತಿದ್ದ ಅಷ್ಟೂ ಜನ ಫೋಟೋ ಬಿಟ್ಟು ಡಾಕ್ಟ್ರನ್ನೇ ನೋಡಿದ್ರು. ಭಾನುವಾರ ಬೆಳಗ್ಗೆ ಶಟರ್ ಅರ್ಧ ಎಳೆದು, ಗೋಡೆಗೆ ಬಿಳಿ ಲೈನಿಂಗ್ ಬಟ್ಟೆ ಕಟ್ಟಿ, ಅದರ ಮೇಲೆ ಪ್ರೊಜೆಕ್ಟರ್ ಬಿಟ್ಟು, ಒಬ್ಬರ ಫೋಟೋನ ಇನ್ನೊಬ್ಬರು ಬಿಡಿಸಿ ಬಿಡಿಸಿ ಬೈಯೋದೇ ಈ ಫೋಟೋ ಸಂಘದ ಕೆಲಸ. ಬೈಯೋದ್ರಲ್ಲಿ ಡಾಕ್ಟ್ರದ್ದು ಎತ್ತಿದ ಕೈ. ನಕ್ಷತ್ರ ಚುಕ್ಕಿ ಆಗದೆ ಗೆರೆ ಆಗಿದ್ರೆ "ಕೈ ನಡುಗಿದೆ, ಬಿಪಿ ತೋರಿಸ್ಕೊ" ಅನ್ನೋರು. ಹಕ್ಕಿ ಕಣ್ಣು ಮಸುಕಾಗಿದ್ರೆ "ಇದಕ್ಕೊಂದು ಕನ್ನಡಕ ಕೊಡ್ಸಿ" ಅನ್ನೋರು. ಅಂಥವರು ಹೊಗಳ್ತಾ ಇರೋದು ಯಾರನ್ನ? ಡೈಲಾಗ್‌ನ!

ಡೈಲಾಗ್ ಅಂದ್ರೆ ಪಕ್ಕದ ಬೀದೀಲಿ ಮೊಬೈಲ್ ರಿಪೇರಿ ಮಾಡೋನು. ಸತ್ತ ಫೋನ್ ಕೈಗೆ ಬಂದ್ರೂ "ಇವನ ಉಸಿರು ನಿಂತಿದೆ, ಕಥೆ ನಿಂತಿಲ್ಲ" ಅನ್ನೋ ಆಸಾಮಿ. ಹೋದ ತಿಂಗಳು ಕಪ್ಪು ಕೊಡೆ ಮೇಲೆ ಉಪ್ಪು ಚೆಲ್ಲಿ, ಅದರ ಫೋಟೋ ತೆಗೆದು ಆಕಾಶಗಂಗೆ ಅಂತ ತೋರಿಸಿದ್ದ. ಡಾಕ್ಟ್ರು ಕಾಲು ಗಂಟೆ ಕೊಂಡಾಡಿದ ಮೇಲೆ ಕೈ ಮುಗಿದು, "ರುಚಿಗೆ ತಕ್ಕಷ್ಟು ಹಾಕಿದೀನಿ ಡಾಕ್ಟ್ರೇ" ಅಂದಿದ್ದ. ಅವತ್ತೇ ತೀರ್ಪಾಯ್ತು: ಇನ್ನೊಂದು ತರಲೆ ಮಾಡಿದ್ರೆ ಸಂಘದಿಂದ ಆಚೆ. ಅದಕ್ಕೇ ಈ ಸಲ ನಿಯತ್ತಾಗಿ ನಾಲ್ಕು ದಿನ ಮನೆ ಮಾಳಿಗೆ ಮೇಲೆ ಕಾದು ಎರಡು ಫೋಟೋ ತಂದಿದ್ದ. ಒಂದು ಸಂಜೆ ಆಕಾಶ, ಇನ್ನೊಂದು ಹುಣ್ಣಿಮೆ ಚಂದ್ರ. ಸಂಘದಲ್ಲಿ ಗೆದ್ದ ಫೋಟೋ ಒಂದು ತಿಂಗಳು ಊರ ಲೈಬ್ರರಿ ಬಾಗಿಲಲ್ಲಿ ತೂಗುತ್ತೆ. ಒಂದೂವರೆ ವರ್ಷದಲ್ಲಿ ಅವನದು ಒಂದೂ ತೂಗಿರಲಿಲ್ಲ.

"ಬಾನಾಡಿ ಜಾತಿ ಹಕ್ಕಿ ಅದು. ರೆಕ್ಕೆ ನೋಡಿ, ಕುಡುಗೋಲು ಬಗ್ಗಿದ ಹಾಗಿದೆ," ಅಂದ್ರು ಡಾಕ್ಟ್ರು.

"ನೀವು ಹಲ್ಲು ನೋಡ್ಕೊಂಡಿರಿ ಡಾಕ್ಟ್ರೇ," ಲ್ಯಾಪ್‌ಟಾಪ್ ಮುಂದೆ ಕೂತಿದ್ದ ಟೈಲರ್ ಅಕ್ಕ ಬಿಡಲಿಲ್ಲ. "ಬಾಲ ಎರಡಾಗಿ ಸೀಳಿದೆ. ಕವಲುತೋಕೆ ಅದು. ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದಿದೀನಿ, ಸೀಳು ಯಾವುದು ಅಂತ ನನಗೆ ಹೇಳಿಕೊಡ್ತೀರಾ?"

ಎಲ್ಲರೂ ಮಾತಾಡಿ ಮುಗಿಸೋ ತನಕ ಫೋಟೋ ತೆಗೆದೋನು ತುಟಿ ಬಿಚ್ಚೋ ಹಾಗಿಲ್ಲ, ಅದು ಸಂಘದ ನಿಯಮ. ಡೈಲಾಗ್ ಸುಮ್ನೆ ಕಣ್ಣು ಕಿರಿದು ಮಾಡಿ ನೋಡಿದ. ಆ ಸಂಜೆ ಆಕಾಶದಲ್ಲಿ ಒಂದು ಕಾಗೆನೂ ಇರಲಿಲ್ಲವಲ್ಲ! ಬಾಲ ಸೀಳಿರೋದು ನಿಜ. ಆದ್ರೆ ಅದು ಬಾಲ ಅಲ್ಲ, ದಾರದ ತುದಿ ಬಿಚ್ಕೊಂಡಿರೋದು. ಹೋದ ವಾರ ಇದೇ ಅಂಗಡಿಯ ಕಟಿಂಗ್ ಟೇಬಲ್ ಮೇಲೆ ಲೆನ್ಸ್ ಬದಲಾಯಿಸಿದ್ದ. ಆಗ ಕ್ಯಾಮೆರಾ ಒಳಗೆ ಹೋಗಿ ಕೂತ ನೂಲಿನ ಎಳೆ ಅದು. ಕ್ಯಾಮೆರಾದ ಪುಟ್ಟ ಪರದೇಲಿ ಕಂಡೇ ಇರಲಿಲ್ಲ.

ಹಾಗಾದ್ರೆ ಚಂದ್ರನ ಫೋಟೋದಲ್ಲೂ ಅದೇ ಜಾಗದಲ್ಲಿ ಅದೇ ದಾರ! "ಎರಡನೇದು ಬೇಡ ಅಕ್ಕ, ಚೆನ್ನಾಗಿ ಬಂದಿಲ್ಲ" ಅಂದ್ರೆ ಮುಗೀತು, ಲೈಬ್ರರಿ ಬಾಗಿಲು ಅವನದೇ. ನಿಜ ಹೇಳಿದ್ರೆ? ಕೊಡೆ ಮೇಲೆ ಉಪ್ಪು ಚೆಲ್ಲಿದೋನ ಮಾತನ್ನ ಯಾರು ನಂಬ್ತಾರೆ?

"ಈ ತಿಂಗಳು ಇದೇ ಗೆಲ್ಲಬೇಕು ಅನ್ನೋರು ಕೈ ಎತ್ತಿ," ಅಂದ್ರು ಡಾಕ್ಟ್ರು. ಎಲ್ಲಾ ಕೈನೂ ಮೇಲೆ. ಡಾಕ್ಟ್ರು ಸೀದಾ ಬಂದು ಡೈಲಾಗ್‌ನ ಕೈ ಹಿಡ್ಕೊಂಡ್ರು. "ನಿನ್ನ ಬರೀ ಕೋಡಂಗಿ ಅಂದ್ಕೊಂಡಿದ್ದೆ ಕಣೋ. ತಪ್ಪಾಯ್ತು."

ಅಲ್ಲೇ ಕೆಟ್ಟಿದ್ದು. ಇಂಥಾ ಸೀನ್‌ಗೆ ಅಂತಾನೇ ಸಾವಿರ ಡೈಲಾಗ್ ಬಾಯಿಪಾಠ ಮಾಡಿಟ್ಟಿದ್ದೋನಿಗೆ ಒಂದೂ ನೆನಪಾಗಲಿಲ್ಲ.

"ಡಾಕ್ಟ್ರೇ... ಅದು ಹಕ್ಕಿ ಅಲ್ಲ. ದಾರ."

ಡಾಕ್ಟ್ರು ಕೈ ಬಿಟ್ರು. "ಮತ್ತೆ ಶುರು ಹಚ್ಕೊಂಡ್ಯಾ? ಏಳು, ಆಚೆ ನಡಿ."

"ಅಮ್ಮನಾಣೆ, ಈ ಸಲ ನಾನೇನೂ ಮಾಡಿಲ್ಲ! ಕ್ಯಾಮೆರಾ ಒಳಗೆ ಹೊಕ್ಕೊಂಡಿದೆ. ಅಕ್ಕಾ, ಮುಂದಿನದು ಹಾಕಿ, ನಿಮಗೇ ಗೊತ್ತಾಗುತ್ತೆ."

ಅಕ್ಕ ಒತ್ತಿದ್ರು. ಲೈನಿಂಗ್ ಬಟ್ಟೆಯ ಮೂಲೆ ಮೂಲೆನೂ ತುಂಬ್ಕೊಂಡು ಚಂದ್ರ ಬಂದ. ಬಲಗಡೆ, ಅದೇ ಎತ್ತರದಲ್ಲಿ, ಅದೇ ರೆಕ್ಕೆ, ಅದೇ ಸೀಳಿದ ಬಾಲ.

"ಡಾಕ್ಟ್ರೇ, ನಿಮ್ಮ ಬಾನಾಡಿ ಚಂದ್ರಲೋಕಕ್ಕೆ ಹೋಗಿ ಕೂತಿದೆ," ಅಂದ್ರು ಅಕ್ಕ.

"ನಿಮ್ಮ ಕವಲುತೋಕೆನ ಹಿಂದೆ ಕೂರಿಸ್ಕೊಂಡು ಹೋಗಿದೆ ಬಿಡಿ," ಅಂದ್ರು ಡಾಕ್ಟ್ರು. ಹೊಲಿಗೆ ಮಷೀನೂ ಅಲ್ಲಾಡೋ ಹಾಗೆ ನಗು ಎದ್ದಿತು. ಡಾಕ್ಟ್ರು ಕಣ್ಣೊರೆಸ್ಕೊಂಡು ಪರದೆ ಹತ್ರ ಹೋದ್ರು. "ದಾರ ಒಂದು ಬಿಟ್ರೆ, ಚಂದ್ರನ ಕಲೆಗಳು ಹುಳುಕು ಹಲ್ಲಿನ ಹಾಗೆ ನಿಚ್ಚಳವಾಗಿವೆ. ಪರವಾಗಿಲ್ಲ ಕಣೋ. ಕ್ಯಾಮೆರಾ ಕ್ಲೀನ್ ಮಾಡ್ಸಿ ಮುಂದಿನ ಹುಣ್ಣಿಮೆಗೆ ಮತ್ತೆ ತೆಗಿ. ಆಚೆಗೀಚೆ ಏನೂ ಹೋಗ್ಬೇಡ, ಕೂತ್ಕೊ."

ಡಾಕ್ಟ್ರ ಬಾಯಲ್ಲಿ ಪರವಾಗಿಲ್ಲ! ಡೈಲಾಗ್‌ಗೆ ಲೈಬ್ರರಿ ಬಾಗಿಲು ಮರೆತೇ ಹೋಯ್ತು.

"ಅದಿರಲಿ," ಅಂದ್ರು ಅಕ್ಕ, ಟೇಬಲ್ ಮೇಲಿನ ನೂಲಿನ ಚೂರನ್ನ ಎರಡು ಬೆರಳಲ್ಲಿ ಎತ್ತಿ ಹಿಡಿದು. "ಪ್ರತಿ ವಾರ ನೀವೆಲ್ಲ ಲೆನ್ಸ್ ಬದಲಾಯಿಸೋದು ಇದೇ ಟೇಬಲ್ ಮೇಲೆ ಅಲ್ವೇನ್ರೋ?"

ಎಲ್ಲರ ಕೈನೂ ಅವರವರ ಕ್ಯಾಮೆರಾ ಬ್ಯಾಗಿಗೆ ಹೋಯ್ತು. ಡಾಕ್ಟ್ರು ಮೆಲ್ಲಗೆ ಕುರ್ಚೀಲಿ ಕೂತು, ಜೇಬಿಂದ ಫೋನ್ ತೆಗೆದು, ತಾವೇ ಕ್ಲಿಕ್ಕಿಸಿ ಕ್ಲಿನಿಕ್ಕಿನ ಗೋಡೆಗೆ ಬಾಗಿಲಷ್ಟು ದೊಡ್ಡದಾಗಿ ಮಾಡಿಸಿ ಹಾಕಿದ್ದ 'ಒಂಟಿ ಹದ್ದು' ಫೋಟೋನ ಹುಡುಕಿದ್ರು. ಎರಡು ಬೆರಳಲ್ಲಿ ಹಿಗ್ಗಿಸಿದ್ರು. ಇನ್ನೂ ಹಿಗ್ಗಿಸಿದ್ರು. ಆಮೇಲೆ ಡೈಲಾಗ್‌ನ ಪಕ್ಕಕ್ಕೆ ಕುರ್ಚಿ ಎಳ್ಕೊಂಡು, ಯಾರಿಗೂ ಕೇಳಿಸದ ಹಾಗೆ ಅಂದ್ರು:

"ನೋಡಿ ಹೇಳೋ ಮರೀ... ಇದಕ್ಕೆ ಕೊಕ್ಕು ಇದೆ ತಾನೇ?"