ಹತ್ತು ನಿಮಿಷದ ಅಪ್ಪಣೆ

ಎಂಟರ್ ಒತ್ತಿದ ಮರುಕ್ಷಣವೇ ಮೇಷ್ಟರ ಪರದೆ ಕಲ್ಲಾಯಿತು. ಎಷ್ಟು ಕುಟ್ಟಿದರೂ ಒಂದಕ್ಷರ ಮೂಡಲಿಲ್ಲ.

"ಏನ್ ಮಾಡ್ದೆಯೋ?" ಪಕ್ಕದ ಕೋಣೆಯಿಂದ ಅಕ್ಕ ಕೂಗಿದಳು. "ಇಂಟರ್‌ನೆಟ್ಟೇ ಹೋಯ್ತು! ತಲೆ ಸ್ಕ್ಯಾನು ಕಳಿಸ್ತಿದ್ದಿದ್ದು ಅರ್ಧಕ್ಕೇ ನಿಂತಿದೆ!"

ಡಾಕ್ಟರ್ ಅಕ್ಕನ ಸ್ಕ್ಯಾನಿಂಗ್ ಸೆಂಟರಿನ ಕಂಪ್ಯೂಟರುಗಳೆಲ್ಲ ಹೊರಜಗತ್ತಿಗೆ ಹೋಗುವುದು ಬೀರುವಿನ ಕೆಳಗಿನ ಹಳೆಯ ಯುನಿಕ್ಸ್ ಕಂಪ್ಯೂಟರ್ ಪೆಟ್ಟಿಗೆಯ ಮೂಲಕ. ಶಾಲೆಯ ಗುಜರಿಯಿಂದ ತಂದು ಅದನ್ನೇ ರೂಟರ್ ಮಾಡಿ ಕೂರಿಸಿದವರು ಈ ತಮ್ಮ, ಅಂದರೆ ಕಂಪ್ಯೂಟರ್ ಮೇಷ್ಟರು. ಅದಕ್ಕೆ ಪರದೆ ಸಿಕ್ಕಿಸುವ ಜಾಗ ಎಂದೋ ಕೆಟ್ಟಿತ್ತು, ಮಾತಾಡುವುದೇನಿದ್ದರೂ ನೆಟ್‌ವರ್ಕಿನಿಂದಲೇ. ಉಳಿದ ಕಂಪ್ಯೂಟರುಗಳನ್ನು ತಡೆದು ಸ್ಕ್ಯಾನನ್ನು ಬೇಗ ಕಳಿಸಲೆಂದು ಮೇಷ್ಟರು ಅದಕ್ಕೆ 'ಎಲ್ಲರನ್ನೂ ತಡೆ' ಎಂದು ಮೊದಲು ಬರೆದಿದ್ದರು. 'ಸ್ಕ್ಯಾನ್ ಕೋಣೆಯನ್ನು ಬಿಡು' ಎಂದು ಆಮೇಲೆ ಬರೆದರಾಯಿತು ಎಂದುಕೊಂಡಿದ್ದರು. ಪೆಟ್ಟಿಗೆ ಹೇಳಿದ ಮಾತು ಕೇಳಿತು. ಎಲ್ಲರಲ್ಲಿ ಮೇಷ್ಟರೂ ಒಬ್ಬರಾಗಿದ್ದರು.

ಒಳಗೆ, ಕಟ್ಟಡದ ಮೇಲಿಂದ ಬಿದ್ದ ಗಾರೆ ಕೆಲಸದವನು ಮಲಗಿದ್ದ. ತಲೆಯೊಳಗೆ ರಕ್ತ. ಪಕ್ಕದ ಆಸ್ಪತ್ರೆಯಲ್ಲೇ ಆಪರೇಷನ್ ಮಾಡಬೇಕೋ, ದೊಡ್ಡಾಸ್ಪತ್ರೆಗೆ ಸಾಗಿಸುವಷ್ಟು ಹೊತ್ತಿದೆಯೋ, ಅದನ್ನು ದೂರದ ತಜ್ಞರು ಚಿತ್ರ ನೋಡಿಯೇ ಹೇಳಬೇಕು. ನಾನೂರು ಚಿತ್ರಗಳು ಫೋನಿನಲ್ಲಿ ಹೋಗುವ ಮಾತೇ ಇರಲಿಲ್ಲ.

"ಪ್ಲಗ್ ಕಿತ್ತು ಹಾಕ್ಲಾ?" ಅಕ್ಕ ಓಡಿ ಬಂದು ಕೇಳಿದಳು.

"ಅಯ್ಯೋ, ಮುಟ್ಬೇಡ! ಆರು ವರ್ಷದಿಂದ ಆಫ್ ಮಾಡಿಲ್ಲ. ಮಲಗಿದ್ರೆ ಮತ್ತೆ ಏಳುತ್ತೋ ಇಲ್ವೋ! ಹತ್ತು ನಿಮಿಷ ತಾಳಕ್ಕಾ. ಅಷ್ಟರಲ್ಲಿ ನಾನು ಬೇಡ ಅನ್ನದಿದ್ರೆ ಹಳೇ ನಿಯಮಾನೇ ವಾಪಸ್ ಹಾಕ್ಕೋ ಅಂತ ಅದಕ್ಕೆ ಯಾವಾಗ್ಲೂ ಮೊದ್ಲೇ ಹೇಳಿಟ್ಟಿರ್ತೀನಿ."

"ಇವತ್ತು ಹೇಳಿದ್ದೀಯಾ?"

ಆ ಸಾಲು ಬರೆದ ನೆನಪೇನೋ ಮೇಷ್ಟರಿಗಿತ್ತು. ಅದು ಇವತ್ತಿನದೋ, ಹೋದ ತಿಂಗಳಿನದೋ? ಇವತ್ತು ಅಕ್ಕ ತಲೆಯ ಮೇಲೆ ನಿಂತು ಅವಸರ ಮಾಡಿದ್ದಳು ಬೇರೆ. "ಹೇಳಿದ್ದೀನಿ," ಎಂದರು.

ಐದು ನಿಮಿಷ. ಏಳು. ಗಾರೆಯವನ ಹೆಂಡತಿ ಗಂಡನ ಸಿಮೆಂಟು ಮೆತ್ತಿದ ಚಪ್ಪಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಫೋಟೋ ಹೋಯ್ತಾ ಅಣ್ಣಾ?" ಎಂದು ಎರಡು ಸಲ ಕೇಳಿದಳು. ಮೇಷ್ಟರು ಗಡಿಯಾರ ನೋಡಿದರು. ಹತ್ತಾಯಿತು, ಏನೂ ಆಗಲಿಲ್ಲ. ಅಕ್ಕ ಬಗ್ಗಿ ಪ್ಲಗ್ಗಿಗೆ ಕೈ ಹಾಕಿದಳು.

"ಇನ್ನರ್ಧ ನಿಮಿಷ, ನಿನ್ನ ದಮ್ಮಯ್ಯ!"

ಅಷ್ಟರಲ್ಲಿ ಸ್ಕ್ಯಾನ್ ಕೋಣೆಯ ಪರದೆಯಲ್ಲಿ ಶೇಕಡಾ ನಲವತ್ತೊಂದಕ್ಕೆ ನಿಂತಿದ್ದ ಅಂಕಿ ನಲವತ್ತೆರಡಾಯಿತು. ಆಮೇಲೆ ಐವತ್ತು. ಆ ಸಾಲನ್ನು ಮೇಷ್ಟರು ಇವತ್ತೂ ಬರೆದಿಟ್ಟಿದ್ದರು.

ತಜ್ಞರ ಫೋನ್ ಬಂದಾಗ ಅಕ್ಕ ಸ್ಪೀಕರ್ ಹಾಕಿದಳು. "ಸಾಗಿಸೋ ಹೊತ್ತು ಮೀರಿದೆ ಡಾಕ್ಟ್ರೇ, ಪಕ್ಕದಲ್ಲೇ ಆಪರೇಷನ್ ಮಾಡ್ಸಿ. ಇನ್ನೊಂದು ಹತ್ತು ನಿಮಿಷ ಮುಂಚೆ ಕಳಿಸೋಕೆ ಆಗ್ಲಿಲ್ವಾ?"

ಅಕ್ಕ ತಮ್ಮನ ಕಡೆ ನೋಡಲಿಲ್ಲ. "ಲೈನ್ ಹೋಗಿತ್ತು ಸಾರ್," ಎಂದಳು.

ಸ್ಟ್ರೆಚರ್ ಹೊರಗೆ ಉರುಳಿತು. ಅದರ ಹಿಂದೆ ಓಡುತ್ತಿದ್ದ ಹೆಂಡತಿ ಅರ್ಧದಿಂದ ತಿರುಗಿ ಬಂದು, ಮೇಷ್ಟರ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಳು.

"ಸದ್ಯ, ಇವತ್ತು ನೀವು ಇಲ್ಲಿದ್ರಲ್ಲ ಅಣ್ಣಾ!"