ಟವೆಲ್ಲಿನ ಕೆಳಗೆ ರಾಕ್ಷಸ

ದುರ್ಗಾ ಆಕಳಿಸಿದ್ದು ಊಟ ಹೆಚ್ಚಾಗಿಯೋ, ಕಥೆ ನಿಂತಲ್ಲೇ ನಿಂತಿದ್ದಕ್ಕೋ? ಅಬ್ದುಲರಜಾಕನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

ಆಟವೇನೋ ಸರಳ. ರಾಣೆಬೆನ್ನೂರಿನ ತನ್ನ ಮನೆಯ ಮೇಲಿನ ಕೋಣೆಯಲ್ಲಿ ಪ್ರತಿ ರವಿವಾರ ಅವನು ಕಥೆ ನಡೆಸುತ್ತಾನೆ. ದುರ್ಗಾ, ಹುಲಿಗೇಶ ಆ ಕಥೆಯೊಳಗಿನ ವೀರರು. ಏನು ಮಾಡುತ್ತೇವೆಂದು ಅವರು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಆದರೆ ಹುಲಿಗೇಶ ದನದ ಸಂತೆಯ ದಲಾಲಿ. ಕೋಟೆಯ ಬಾಗಿಲು ಕಾಯುವ ರಾಕ್ಷಸನೊಡನೆ ಕಾದಾಡುವುದು ಬಿಟ್ಟು ಚೌಕಾಶಿಗೆ ಕುಳಿತಿದ್ದ, ಅದೂ ಹೋದ ವಾರದಿಂದ.

“ಬಾಗಲಾ ತಗಿಯಾಕ ಹತ್ತು ಕುರಿ ಭಾಳ ಆತು. ಮೂರು ಕೊಡ್ತೀನಿ.”

“ರಾಕ್ಷಸ ಒಲ್ಲೆ ಅಂತಾನ,” ರಾಕ್ಷಸನ ಪರವಾಗಿ ಅಬ್ದುಲರಜಾಕ ಹೇಳಿದ.

“ಹಂಗಾದ್ರ ಅವನ ಹಲ್ಲು ತೋರಸು. ವಯಸ್ಸ ನೋಡೂನು.”

ದುರ್ಗಾ ಚೀಲವನ್ನು ಹೆಗಲಿಗೇರಿಸಿದಳು. “ರಜಾಕಣ್ಣ, ಬ್ಯಾಡಗಿಯಿಂದ ಬಸ್ಸಿನ್ಯಾಗ ಬರೂದು ಈ ಬಾಗಲಾ ನೋಡಾಕೇನು? ಇವತ್ತ ಒಳಗ ಹೋಗಲಿಲ್ಲಂದ್ರ ನಾ ಇನ್ನ ಬರಾಂಗಿಲ್ಲ.”

ಅವಳಿಲ್ಲದೆ ಆಟವಿಲ್ಲ. ವಾರವೆಲ್ಲ ಬಾಯಿ ಬಿಡದ ಅಬ್ದುಲರಜಾಕ ಮನಬಿಚ್ಚಿ ಮಾತಾಡುತ್ತಿದ್ದುದು ಇಲ್ಲಿ ಮಾತ್ರ.

ಹುಲಿಗೇಶ ಹೆಗಲಿನ ಟವೆಲ್ ಎಳೆದ. “ಬಾಯಿಮಾತಿಗೆ ಹೊತ್ತಾಕ್ಕೈತಿ. ಸಂತ್ಯಾಗ ಮಾಡಿದಂಗ ಮಾಡೂನು, ಬೆರಳ ಹಿಡದು. ಎತ್ತಿನ ಯಾಪಾರಿ ಬುಡನಸಾಬರ ಮಗ ನೀ. ನಿನಗೇನ ಹೇಳಿಕೊಡೂದು?”

ಸಂತೆಯಲ್ಲಿ ದರವನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಮುಟ್ಟಿ ತಿಳಿಸುತ್ತಾರೆ. ಕೈ ಹಿಸುಕಿದರೆ ವ್ಯಾಪಾರ ಮುಗಿದಂತೆ.

ಅಬ್ದುಲರಜಾಕ ಗಂಭೀರವಾಗಿ ಕೈ ಚಾಚಿದ. ಟವೆಲ್ ಮುಚ್ಚಿತು. ಒಳಗೆ ಹುಲಿಗೇಶನ ಬೆರಳುಗಳು ಓಡಾಡಿದವು. ಅಬ್ದುಲರಜಾಕನ ಹುಬ್ಬು ಗಂಟಿಕ್ಕಿತು. ತುಟಿ ಬಿಗಿಯಿತು. ಕಣ್ಣಂಚಿನಲ್ಲಿ ನೀರಾಡಿತು. ಒಮ್ಮೆಲೇ ಕೈಯನ್ನು ಗಟ್ಟಿಯಾಗಿ ಹಿಸುಕಿದ.

“ಮುಗೀತು! ಎಂಟ ಕುರಿಗೆ ರಾಕ್ಷಸ ಒಪ್ಪಿದ!” ಹುಲಿಗೇಶ ತೊಡೆ ತಟ್ಟಿದ. “ಎಂಥಾ ಗಟ್ಟಿ ಯಾಪಾರಿಲೇ ನೀ! ಅಪ್ಪನ್ನೂ ಮೀರಿಸಿದಿ!”

“ಖರೇನ?” ದುರ್ಗಾ ಚೀಲ ಕೆಳಗಿಟ್ಟಳು. “ಹಂಗಾದ್ರ ಲಗೂ ಬಾಗಲಾ ತಗೀರಿ!”

ಬಾಗಿಲು ತೆರೆಯಿತು. ಕಥೆ ಓಟ ಕಿತ್ತಿತು. ದುರ್ಗಾ ಒಂದು ಬಸ್ಸು ಬಿಟ್ಟಳು, ಇನ್ನೊಂದನ್ನೂ ಬಿಟ್ಟಳು. ಅಂದಿನಿಂದ ಎಲ್ಲಿ ಮಾತು ಜಗ್ಗಿದರೂ ಅವಳೇ ಕೂಗುತ್ತಾಳೆ: “ಹಾಕ್ರಿ ಟವೆಲ್!”

ಬೆರಳ ಲೆಕ್ಕ ತನಗೆ ಒಂದಿಷ್ಟೂ ಬರುವುದಿಲ್ಲ, ಅಂದು ಕಚಗುಳಿ ತಾಳಲಾರದೆ ಕೈ ಹಿಸುಕಿದ್ದು ಎಂದು ಅಬ್ದುಲರಜಾಕ ಯಾರಿಗೂ ಹೇಳಲೇ ಇಲ್ಲ.