ಎರಡನೆಯವರ ಸಹಿ

ರಕ್ತದ ಚೀಲಕ್ಕೆ ಹೆರಿಗೆ ವಾರ್ಡಿನ ನರ್ಸ್ ಆಗಲೇ ಕೈ ಚಾಚಿದ್ದಳು. ಲ್ಯಾಬಿನಾಕೆ ಕೊಡಲಿಲ್ಲ.

"ಒಂದು ನಿಮಿಷ ಸಿಸ್ಟರ್. ಎರಡನೆಯವರು ನೋಡ್ಬೇಕು."

"ಎಲ್ಲಿದ್ದಾರ್ರೀ ಎರಡನೆಯವರು?" ನರ್ಸ್ ಖಾಲಿ ಕೋಣೆಯ ಉದ್ದಗಲಕ್ಕೂ ಕಣ್ಣಾಡಿಸಿದಳು. "ಅಲ್ಲಿ ಬಾಣಂತಿಗೆ ರಕ್ತ ನಿಲ್ತಾನೇ ಇಲ್ಲ!"

"ನಾನೇ. ಮುಖ ತೊಳ್ಕೊಂಡು ಬಂದೆ, ಇರಿ."

ರಕ್ತದ ಗುಂಪನ್ನು ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿ ಸಹಿ ಹಾಕಬೇಕೆಂಬುದು ಆಸ್ಪತ್ರೆಯ ನಿಯಮ. ಐವರಿದ್ದ ಲ್ಯಾಬಿನಲ್ಲಿ ಉಳಿದವಳು ಇವಳೊಬ್ಬಳು. ಮಿಕ್ಕ ನಾಲ್ವರ ಜಾಗಕ್ಕೆ ಹೊಸಬರು ಎರಡು ವರ್ಷದಿಂದ ‘ಶೀಘ್ರದಲ್ಲೇ’ ಬರುತ್ತಲೇ ಇದ್ದರು. ಹಾಗೆಂದು ನಿಯಮ ಮುರಿಯಲಾದೀತೇ? ಆಡಳಿತಾಧಿಕಾರಿಗಳು ತಲೆ ಓಡಿಸಿ ದಾರಿ ಹುಡುಕಿದ್ದರು. ಮೊದಲ ಕುರ್ಚಿಯಲ್ಲಿ ಕೂತು ಪರೀಕ್ಷಿಸಿ ನೀಲಿ ಪೆನ್ನಿನಲ್ಲಿ ಸಹಿ. ಎದ್ದು ಹೋಗಿ ಮುಖ ತೊಳೆದು ಬಂದು, ಎರಡನೆಯ ಕುರ್ಚಿಯಲ್ಲಿ ಕೂತು ಹಸಿರು ಪೆನ್ನಿನಲ್ಲಿ ಸಹಿ. ಮುಖ ತೊಳೆಯುವುದೇಕೆಂದು ಕೇಳಿದ್ದಕ್ಕೆ, "ಹೊಸ ಕಣ್ಣು ಬೇಕಲ್ಲಮ್ಮ?" ಎಂದಿದ್ದರು.

ಬೇರೆ ಯಾರಾದರೂ ಆಗಿದ್ದರೆ ಎರಡೂ ಸಹಿಯನ್ನು ಒಂದೇ ಉಸಿರಿಗೆ ಗೀಚುತ್ತಿದ್ದರು. ಇವಳೋ, ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವ ಜೀವ. ಎರಡನೆಯ ಕುರ್ಚಿಗೆ ಬಂದು, ಹೊಸ ಗಾಜಿನ ಮೇಲೆ ಹೊಸದಾಗಿ ಬಾಣಂತಿಯ ರಕ್ತದ ಎರಡು ಹನಿಗಳನ್ನಿಟ್ಟು, ಒಂದಕ್ಕೆ ಎ ಗುಂಪಿನ, ಇನ್ನೊಂದಕ್ಕೆ ಬಿ ಗುಂಪಿನ ಔಷಧಿ ಬೆರೆಸಿದಳು. ಎ ಹನಿ ತೆಪ್ಪಗಿತ್ತು. ಬಿ ಹನಿ ಕಣ್ಣೆದುರೇ ಗಂಟುಗಟ್ಟಿತು. ಅಂದರೆ ರಕ್ತ ಬಿ ಗುಂಪಿನದು.

ನೀಲಿ ಪೆನ್ನಿನಲ್ಲಿ ಬರೆದಿದ್ದದ್ದು ಎ. ಮೇಜಿನ ಮೇಲಿದ್ದ ಚೀಲವೂ ಎ.

ಬೆಳಗಿನಿಂದ ನೋಡಿದ ನೂರೆಂಟು ಟ್ಯೂಬುಗಳ ನಡುವೆ, ಪಕ್ಕದ ಟ್ಯೂಬಿನ ಫಲಿತಾಂಶವನ್ನು ಬಾಣಂತಿಯ ಹೆಸರಿನ ಮುಂದೆ ಬರೆದುಬಿಟ್ಟಿದ್ದಳು. ಆ ಚೀಲ ಹೋಗಿದ್ದರೆ ಹಿಂದೆಯೇ ಹೆಣವೂ ಹೋಗುತ್ತಿತ್ತು. ಮೂರನೆಯ ಸಲ ಪರೀಕ್ಷಿಸಿ, ಚೀಲ ಬದಲಾಯಿಸಿ, ನರ್ಸಿನ ಕೈಗಿತ್ತಳು. ಸಂಜೆ ವಾರ್ಡಿನಿಂದ ಫೋನು ಬಂತು: "ಉಳ್ಕೊಂಡ್ಲು ಕಣ್ರೀ."

ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಇದನ್ನು ನೋಡಿಯಾದರೂ ಇನ್ನೊಬ್ಬರನ್ನು ಕೊಟ್ಟಾರು ಎಂಬ ಆಸೆಯಿಂದ ತಪ್ಪು ವರದಿ ಮಾಡುವ ನಮೂನೆ ತುಂಬಿದಳು. ‘ತಪ್ಪು ಮಾಡಿದವರು’ ಎಂಬಲ್ಲಿ ತನ್ನ ಹೆಸರು. ‘ತಪ್ಪು ಪತ್ತೆ ಹಚ್ಚಿದವರು’ ಎಂಬಲ್ಲೂ ತನ್ನದೇ.

ಮರುದಿನ ಆಡಳಿತಾಧಿಕಾರಿಗಳು ಅದನ್ನು ಓದಿ ಕನ್ನಡಕ ತೆಗೆದರು. "ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನೋ ಮೊದಲೇ ಹೆಗಲು ಮುಟ್ಟಿ ನೋಡ್ಕೊಂಡಿದ್ದೀರಲ್ಲಮ್ಮ!"

"ನನ್ನ ಹೆಗಲು ಹಾಳಾಗ್ಲಿ ಸರ್. ಇನ್ನೊಂದು ಜೊತೆ ಕಣ್ಣು ಕೊಡಿ. ಮುಂದಿನ ಸಲ ಜೀವ ಉಳಿಯುತ್ತೆ ಅಂತ ನಾನು ಹೇಳೋಕಾಗಲ್ಲ."

"ಕೊಡೋಣ, ಕೊಡೋಣ. ಶೀಘ್ರದಲ್ಲೇ. ಮೊದಲು ಇದನ್ನ ಮುಗಿಸೋಣ." ಅವರು ನಿಯಮಾವಳಿಯ ಪುಟ ತಿರುವಿದರು. "ರಕ್ತದ ವಿಷಯದಲ್ಲಿ ತಪ್ಪು ಮಾಡಿದವರನ್ನ ಒಂದು ವಾರ ಕೆಲಸದಿಂದ ದೂರ ಇಡಬೇಕು." ಬರೆದರು, ಮೊಹರು ಒತ್ತಿದರು. ಇನ್ನೊಂದು ಹಾಳೆ ಎಳೆದುಕೊಂಡರು. "ಪತ್ತೆ ಹಚ್ಚಿದವರಿಗೆ ಒಂದು ಪ್ರಶಂಸಾಪತ್ರ. ಭೇಷ್! ಇಂಥವರು ಬೇಕು ನಮಗೆ." ಅದಕ್ಕೂ ಮೊಹರು ಬಿತ್ತು.

ಅವಳು ಎರಡು ಕೈಯಲ್ಲಿ ಎರಡು ಕಾಗದ ಹಿಡಿದು ನಿಂತಳು. "ಸರ್, ನಾಳೆ ನಾನು ಬರ್ಲೋ, ಬೇಡ್ವೋ?"

"ಮೊದಲನೆಯವರು ಬರೋ ಹಾಗಿಲ್ಲ. ಅವರ ಕೆಲಸಾನೂ ಎರಡನೆಯವರೇ ನೋಡ್ಕೋಬೇಕು." ಅವರಿಗೆ ಈಗ ನಿಜಕ್ಕೂ ಬೇಸರವಾಗಿತ್ತು. "ಇಬ್ಬಿಬ್ಬರೂ ಮನೇಲಿ ಕೂತ್ರೆ ಲ್ಯಾಬ್ ನಡೆಯೋದು ಹೇಗಮ್ಮ?"